ಡೇರಿ ದಾರಿಯಲ್ಲಿ ನಿಮ್ಮ ನಾಯಿಯ ಮೇಲೆ ಬೇರೆ ನಾಯಿ ಎರಗಿದರೆ ಏನು ಮಾಡಬೇಕು?



ಹಳ್ಳಿಯ ಹೈನುಗಾರರ ಮನೆಯಲ್ಲಿ ಹಸುವಿನಷ್ಟೇ ಸಹಜವಾಗಿ ಒಂದು ನಾಯಿಯೂ ಇರುತ್ತದೆ. ರಾತ್ರಿ ಕೊಟ್ಟಿಗೆ ಕಾಯುವುದು, ಹಾವು ಕಂಡರೆ ಬೊಗಳಿ ಎಚ್ಚರಿಸುವುದು, ಮೇವಿಗೆ ಹೋದಾಗ ಜೊತೆಗೆ ಬರುವುದು ಎಲ್ಲವೂ ಅದರ ಕೆಲಸವೇ. ಬೆಳಿಗ್ಗೆ ಹಾಲು ಕರೆದು ಕ್ಯಾನ್ ಎತ್ತಿಕೊಂಡರೆ ಸಾಕು, ಸಂಘದವರೆಗೂ ಹಿಂದೆಯೇ ಬರುತ್ತದೆ. ಈ ದಾರಿಯಲ್ಲೇ ಬೇರೆ ಬೀದಿಯ ನಾಯಿಗಳು ಅದರ ಮೇಲೆ ಬೀಳುವುದೂ ಉಂಟು.

"ನಾಯಿ ಜಗಳ ತಾನೇ, ಅವೇ ಸರಿ ಮಾಡಿಕೊಳ್ಳುತ್ತವೆ" ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಎರಗಿದ ನಾಯಿಗೆ ರೇಬೀಸ್ (ಹುಚ್ಚುನಾಯಿ ರೋಗ) ಇದ್ದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಕಚ್ಚಿಸಿಕೊಂಡ ನಿಮ್ಮ ನಾಯಿ ಮನೆಗೆ ಬಂದು ಕೊಟ್ಟಿಗೆಯಲ್ಲೇ ಮಲಗುತ್ತದೆ, ಕರುವಿನ ಮೂತಿ ನೆಕ್ಕುತ್ತದೆ, ಮಕ್ಕಳ ಜೊತೆ ಆಡುತ್ತದೆ. ಇಂದು ಕುತ್ತಿಗೆಯ ಮೇಲಾದ ಎರಡು ಹಲ್ಲಿನ ಗುರುತು ಎರಡು ತಿಂಗಳ ನಂತರ ಹಸುವಿಗೂ ಮನೆಯವರಿಗೂ ಪ್ರಾಣಾಪಾಯ ತರಬಹುದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಪ್ರಾಣಿಗಾಗಲಿ ಮನುಷ್ಯರಿಗಾಗಲಿ ಗುಣಪಡಿಸುವ ಔಷಧಿ ಇಲ್ಲ. ಲಕ್ಷಣ ಬರುವ ಮೊದಲು ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ದಾರಿಯಲ್ಲಿ ನಾಯಿಯನ್ನು ಕಾಪಾಡುವುದು ಕೊಟ್ಟಿಗೆಯನ್ನು ಕಾಪಾಡುವ ಕೆಲಸವೂ ಹೌದು.

ನಾಯಿಗಳು ಏಕೆ ಎರಗುತ್ತವೆ?

ನಾಯಿ ಕಾರಣವಿಲ್ಲದೆ ಎರಗುವುದು ಕಡಿಮೆ. ಸಾಮಾನ್ಯ ಕಾರಣಗಳು ಇವು:

1. ಸರಹದ್ದು: ಪ್ರತಿ ಬೀದಿಯ ನಾಯಿಗಳಿಗೂ ತಮ್ಮದೇ ಗಡಿ ಇರುತ್ತದೆ. ಹೊರಗಿನ ನಾಯಿ ಒಳಗೆ ಬಂದರೆ ಗುಂಪಾಗಿ ಓಡಿಸಲು ಬರುತ್ತವೆ. ಗಡಿ ದಾಟಿದ ಮೇಲೆ ಬಹುತೇಕ ತಾವಾಗಿಯೇ ನಿಲ್ಲುತ್ತವೆ.

2. ಆಹಾರ: ಕೋಳಿ ಅಂಗಡಿ, ಹೋಟೆಲ್ ಹಿಂಭಾಗ, ತಿಪ್ಪೆಗುಂಡಿ ಹಾಗೂ ಹಾಲು ಚೆಲ್ಲುವ ಡೇರಿ ಅಂಗಳದಲ್ಲಿ ಪೈಪೋಟಿ ಹೆಚ್ಚು.

3. ಮರಿ ಹಾಕಿದ ಹೆಣ್ಣು ನಾಯಿ: ಚರಂಡಿ ಮೋರಿ, ಹುಲ್ಲಿನ ಮೆದೆ, ಪಾಳು ಮನೆಯಲ್ಲಿ ಮರಿ ಇಟ್ಟುಕೊಂಡ ತಾಯಿ ಯಾರನ್ನೂ ಹತ್ತಿರ ಬಿಡುವುದಿಲ್ಲ.

4. ಬೆದೆ: ಒಂದು ಹೆಣ್ಣು ನಾಯಿ ಬೆದೆಗೆ ಬಂದರೆ ಸುತ್ತಮುತ್ತಲ ಗಂಡು ನಾಯಿಗಳೆಲ್ಲ ಸೇರುತ್ತವೆ. ಮಳೆಗಾಲದ ಕೊನೆಯ ಹೊತ್ತಿಗೆ ಇದು ಹೆಚ್ಚು. ಆ ದಿನಗಳಲ್ಲಿ ನಿಮ್ಮ ನಾಯಿಯನ್ನು ಮನೆಯಲ್ಲೇ ಕಟ್ಟಿ ಹೋಗುವುದು ಒಳ್ಳೆಯದು.

5. ರೋಗ: ಈ ಯಾವ ಕಾರಣವೂ ಇಲ್ಲದೆ, ಬೊಗಳದೆ, ಗುರುಗುಟ್ಟದೆ ನೇರವಾಗಿ ಬಂದು ಕಚ್ಚಿ, ಅಲ್ಲಿಂದ ಮುಂದಕ್ಕೆ ಓಡಿ ಇನ್ನೊಂದನ್ನು ಕಚ್ಚುವ ನಾಯಿಯ ಬಗ್ಗೆ ರೇಬೀಸ್ ಸಂಶಯ ಪಡಲೇಬೇಕು.

ಎದುರಿನ ನಾಯಿಯ ಮೈ ನೋಡಿದರೆ ಅದರ ಉದ್ದೇಶ ತಿಳಿಯುತ್ತದೆ. ದೂರದಲ್ಲಿ ನಿಂತು ಹಿಂದೆ ಮುಂದೆ ಓಡಾಡುತ್ತಾ ಬೊಗಳುವ ನಾಯಿ ಹೆಚ್ಚಾಗಿ ಹೆದರಿಸುವುದರಲ್ಲೇ ನಿಲ್ಲುತ್ತದೆ. ಮೈ ಮರಗಟ್ಟಿದಂತೆ ಬಿಗಿದು, ಬೆನ್ನಿನ ಕೂದಲು ನಿಮಿರಿ, ಬಾಲ ಮೇಲೆತ್ತಿ, ಕಣ್ಣು ಕೀಳದೆ ನೋಡುತ್ತಾ ಮೌನವಾಗಿ ಹತ್ತಿರ ಬರುವ ನಾಯಿಯೇ ಹೆಚ್ಚು ಅಪಾಯ.

ಮನೆಯಿಂದ ಹೊರಡುವ ಮೊದಲು

ಮೊದಲ ರಕ್ಷಣೆ ಲಸಿಕೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆಯ ಮೊದಲ ಡೋಸ್, ಪಶುವೈದ್ಯರು ಹೇಳಿದಂತೆ ಸುಮಾರು ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಹಲವು ಕಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಲಸಿಕೆ ಹಾಕಿಸಿದ ದಿನಾಂಕದ ಚೀಟಿಯನ್ನು ಹಸುವಿನ ವಿಮೆ ಕಾಗದದ ಜೊತೆಯಲ್ಲೇ ಇಡಿ. ನಾಯಿ ಕಚ್ಚಿಸಿಕೊಂಡ ದಿನ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ಎರಡನೆಯದು ಪಟ್ಟಿ ಮತ್ತು ಹಗ್ಗ. ಎಳೆದಷ್ಟೂ ಬಿಗಿಯುವ ಗಂಟು ಅಥವಾ ತೆಳು ತಂತಿ ಕುತ್ತಿಗೆಗೆ ಬೇಡ. ಎರಡು ಬೆರಳು ಹಿಡಿಸುವಷ್ಟು ಸಡಿಲವಾದ ಅಗಲ ಪಟ್ಟಿ, ಐದಾರು ಅಡಿಯ ಗಟ್ಟಿ ಹಗ್ಗ ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ನಾಯಿ ಜಗ್ಗಿದರೆ ಬೆರಳು ಮುರಿಯಬಹುದು, ನೀವೂ ಬೀಳಬಹುದು.

ಮೂರನೆಯದು ಕೈಯಲ್ಲೊಂದು ಕೋಲು ಅಥವಾ ಕೊಡೆ, ಬೆಳಗಿನ ಕತ್ತಲಲ್ಲಿ ಟಾರ್ಚ್, ಜೇಬಿನಲ್ಲಿ ನಾಲ್ಕು ಬಿಸ್ಕತ್ತು ಅಥವಾ ಒಣಗಿದ ರೊಟ್ಟಿ ಚೂರು. ಕೋಲು ಹೊಡೆಯುವುದಕ್ಕಲ್ಲ, ಎರಡು ನಾಯಿಗಳ ನಡುವೆ ಅಡ್ಡ ಹಿಡಿಯುವುದಕ್ಕೆ.

ಒಂದು ಬೀದಿಯಲ್ಲಿ ಪ್ರತಿದಿನ ತೊಂದರೆ ಆಗುತ್ತಿದ್ದರೆ ದಾರಿ ಬದಲಿಸಿ. ಅಥವಾ ಹಾಲು ಹಾಕಲು ಹೋಗುವಾಗ ನಾಯಿಯನ್ನು ಕಟ್ಟಿ, ಆಮೇಲೆ ಹೊಲದ ಕಡೆ ಕರೆದುಕೊಂಡು ಹೋಗಿ. ಒಂದು ಕೈಯಲ್ಲಿ ಕ್ಯಾನ್, ಇನ್ನೊಂದು ಕೈಯಲ್ಲಿ ನಾಯಿ ಹಿಡಿದು ಜಗಳ ನಿಭಾಯಿಸುವುದು ಯಾರಿಗೂ ಸುಲಭವಲ್ಲ.

ಎದುರಿಗೆ ಬಂದೇಬಿಟ್ಟರೆ

- ಓಡಬೇಡಿ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ.
- ನಿಮ್ಮ ನಾಯಿಯನ್ನು ಪಕ್ಕಕ್ಕೆ ಅಥವಾ ಹಿಂದಕ್ಕೆ ತೆಗೆದುಕೊಂಡು ನೀವು ನಡುವೆ ನಿಲ್ಲಿ. ಹಗ್ಗ ಗಿಡ್ಡವಾಗಿರಲಿ, ಆದರೆ ಕುತ್ತಿಗೆ ಬಿಗಿಯುವಂತೆ ಮೇಲಕ್ಕೆ ಜಗ್ಗಬೇಡಿ. ಹಾಗೆ ಜಗ್ಗಿದರೆ ನಿಮ್ಮ ನಾಯಿಯೂ ಕೆರಳುತ್ತದೆ.
- ಎದುರಿನ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಅದು ಎಲ್ಲಿದೆ ಎಂಬುದರ ಮೇಲೆ ಮಾತ್ರ ಗಮನ ಇರಲಿ.
- ಗಟ್ಟಿ ದನಿಯಲ್ಲಿ ಒಂದೇ ಮಾತು, "ಹೋಗು!" ಕಿರುಚಾಡಿದರೆ ಎರಡೂ ನಾಯಿಗಳಿಗೆ ಹುರುಪು ಬರುತ್ತದೆ.
- ಕಲ್ಲು ಎತ್ತಿಕೊಳ್ಳುವವರಂತೆ ಬಗ್ಗಿ. ನಮ್ಮ ಬೀದಿ ನಾಯಿಗಳಲ್ಲಿ ಬಹುಪಾಲು ಇದಕ್ಕೇ ಹಿಂದೆ ಸರಿಯುತ್ತವೆ. ಕಲ್ಲು ಎಸೆಯಲೇಬೇಕಿಲ್ಲ. ಏಟು ಬಿದ್ದ ನಾಯಿ ಇನ್ನಷ್ಟು ಕೆರಳಬಹುದು.
- ಬಿಸ್ಕತ್ತು ಚೂರುಗಳನ್ನು ಆ ನಾಯಿಯ ಹಿಂದಕ್ಕೆ ಬೀಳುವಂತೆ ಎಸೆಯಿರಿ. ಅದು ಮೂಸಿ ತಿನ್ನುವಷ್ಟರಲ್ಲಿ ನಿಮಗೆ ದೂರ ಸರಿಯಲು ಸಮಯ ಸಿಗುತ್ತದೆ. ನಿಮ್ಮ ಕಾಲ ಬುಡದಲ್ಲಿ ಹಾಕಬೇಡಿ.
- ಬೆನ್ನು ತೋರಿಸದೆ, ಪಕ್ಕಕ್ಕೆ ತಿರುಗಿ, ಬಳಸಿಕೊಂಡು ನಿಧಾನವಾಗಿ ಹೊರಗೆ ಬನ್ನಿ. ಸೈಕಲ್ ಇದ್ದರೆ ಅದನ್ನೇ ಅಡ್ಡ ಇಟ್ಟುಕೊಂಡು ಸರಿಯಿರಿ. ಕೊಡೆಯನ್ನು ಒಮ್ಮೆಲೇ ಬಿಚ್ಚಿ ಮುಂದೆ ಹಿಡಿದರೂ ಪ್ರಯೋಜನವಾಗುತ್ತದೆ.

ಚಿಕ್ಕ ನಾಯಿಯನ್ನು ಎದೆಗೆ ಎತ್ತಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಆದರೆ ಎರಗುವ ನಾಯಿ ಅದಕ್ಕಾಗಿ ಎಗರಿದಾಗ ಹಲ್ಲು ನಿಮ್ಮ ಕೈ, ಮುಖಕ್ಕೆ ತಾಗಬಹುದು. ಹತ್ತಿರದಲ್ಲಿ ಎತ್ತರದ ಗೋಡೆ, ನಿಂತಿರುವ ಟೆಂಪೊ ಅಥವಾ ಗೇಟು ಇದ್ದರೆ ಅದರ ಮೇಲೆ ಇಲ್ಲವೇ ಒಳಗೆ ನಾಯಿಯನ್ನು ಬಿಡುವುದು ಹೆಚ್ಚು ಸುರಕ್ಷಿತ.

ಕಚ್ಚಾಟ ಶುರುವಾದರೆ

ಮೊದಲು ಕ್ಯಾನ್ ಕೆಳಗಿಡಿ. ಹಾಲು ಚೆಲ್ಲಿದರೆ ಒಂದು ಹೊತ್ತಿನ ನಷ್ಟ, ಕೈ ಹೋದರೆ ತಿಂಗಳುಗಟ್ಟಲೆ ಹಾಲು ಕರೆಯಲಾಗದು. ಎರಡು ನಾಯಿಗಳ ಬಾಯಿಯ ನಡುವೆ ಕೈ ಹಾಕಬೇಡಿ, ಪಟ್ಟಿ ಹಿಡಿದು ಎಳೆಯಬೇಡಿ. ಆ ಹೊತ್ತಿನಲ್ಲಿ ನಿಮ್ಮ ನಾಯಿಯೇ ನಿಮ್ಮನ್ನು ಕಚ್ಚಬಹುದು, ಅದಕ್ಕೆ ಯಾರ ಕೈ ಎಂಬುದು ಗೊತ್ತಾಗುವುದಿಲ್ಲ.

ಬಿಡಿಸಲು ಇರುವ ದಾರಿಗಳು: ಮುಖಕ್ಕೆ ಒಂದು ಬಕೆಟ್ ನೀರು ಎರಚುವುದು, ಕ್ಯಾನಿನ ಮುಚ್ಚಳವನ್ನು ಕಬ್ಬಿಣದ ಗೇಟಿಗೋ ಕಂಬಕ್ಕೋ ಬಡಿದು ದೊಡ್ಡ ಸದ್ದು ಮಾಡುವುದು, ಗೋಣಿಚೀಲ ಅಥವಾ ಕಂಬಳಿಯನ್ನು ಎರಗಿದ ನಾಯಿಯ ತಲೆಯ ಮೇಲೆ ಎಸೆಯುವುದು, ಹಲಗೆ ಅಥವಾ ಸೈಕಲನ್ನು ನಡುವೆ ತೂರಿಸುವುದು. ಎರಡೂ ಸಾಕಿದ ನಾಯಿಗಳಾಗಿದ್ದು, ಇಬ್ಬರೂ ಯಜಮಾನರು ಅಲ್ಲೇ ಇದ್ದರೆ, ಒಬ್ಬೊಬ್ಬರು ತಮ್ಮ ತಮ್ಮ ನಾಯಿಯ ಹಿಂಗಾಲುಗಳನ್ನು ಒಂದೇ ಸಲ ಎತ್ತಿ ಹಿಂದಕ್ಕೆ ನಡೆಯಬಹುದು. ಒಬ್ಬರೇ ಇದ್ದಾಗ, ಅಥವಾ ಗುರುತಿಲ್ಲದ ನಾಯಿಯಾದರೆ ಇದನ್ನು ಮಾಡಬೇಡಿ.

ಒಂದು ನಾಯಿ ಕಚ್ಚಿ ಹಿಡಿದುಕೊಂಡಿದ್ದರೆ ಎಳೆಯಬೇಡಿ. ಎಳೆದಷ್ಟೂ ಚರ್ಮ, ಮಾಂಸ ಹರಿಯುತ್ತದೆ. ಹಿಡಿತ ಸಡಿಲವಾಗುವವರೆಗೆ ನೀರು, ಗೋಣಿಚೀಲಗಳನ್ನೇ ಬಳಸಿ. ಗುಂಪು ಮೇಲೆ ಬಿದ್ದಾಗ, ಹೊಲದ ದಾರಿಯಾಗಿದ್ದರೆ ಹಗ್ಗ ಬಿಟ್ಟುಬಿಡಿ. ಕಟ್ಟಿದ ನಾಯಿ ತಪ್ಪಿಸಿಕೊಳ್ಳಲಾರದು. ವಾಹನ ಓಡಾಡುವ ರಸ್ತೆಯಲ್ಲಿ ಮಾತ್ರ ಹಾಗೆ ಬಿಡುವುದು ಅಪಾಯ. ಮಕ್ಕಳನ್ನು ಬಿಡಿಸಲು ಕಳುಹಿಸಲೇಬೇಡಿ.

ಗಾಯದ ಆರೈಕೆ

ಜಗಳ ಮುಗಿದ ಮೇಲೆ ನಾಯಿ ನಡೆಯುತ್ತಿದೆ ಎಂದು ಸುಮ್ಮನಾಗಬೇಡಿ. ಕೋರೆಹಲ್ಲಿನ ತೂತು ಮೇಲೆ ಸಣ್ಣದು, ಒಳಗೆ ಆಳ. ಹಿಡಿದು ಒದರಿದಾಗ ಚರ್ಮವು ಮಾಂಸದಿಂದ ಬಿಟ್ಟು ಒಳಗೆ ಕೀವು ತುಂಬುತ್ತದೆ. ಕುತ್ತಿಗೆ, ಎದೆ, ಹೊಟ್ಟೆಗೆ ಕಚ್ಚಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕ್ರಮ ಹೀಗಿರಲಿ:

1. ಕೈಗೆ ಗ್ಲೌಸ್, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಎರಗಿದ ನಾಯಿಯ ಜೊಲ್ಲು ನಿಮ್ಮ ನಾಯಿಯ ಮೈಮೇಲೆ ಇರುತ್ತದೆ. ನಿಮ್ಮ ಕೈಯಲ್ಲಿ ಗೀರು ಗಾಯ ಇದ್ದರೆ ಅದರ ಮೂಲಕ ವೈರಸ್ ಒಳಹೋಗಬಹುದು.

2. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚುತ್ತದೆ. ಮೆತ್ತನೆ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ. ಉಸಿರಾಟದ ತೊಂದರೆ ಇದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮೂತಿ ಕಟ್ಟಬೇಡಿ.

3. ಗಾಯಕ್ಕೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ರೇಬೀಸ್ ವೈರಸ್ಸಿನ ಹೊದಿಕೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಆದ್ದರಿಂದಲೇ ಈ ಸರಳ ಕೆಲಸಕ್ಕೆ ಇಷ್ಟು ಮಹತ್ವ. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಮೊದಲು ಸ್ವಚ್ಛ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ.

4. ನಂತರ ಪೊವಿಡೋನ್ ಅಯೋಡಿನ್ ಹಚ್ಚಿ.

5. ಖಾರದಪುಡಿ, ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ, ಇಂಜಿನ್ ಆಯಿಲ್ ಯಾವುದೂ ಬೇಡ. ಇವು ಗಾಯವನ್ನು ಸುಡುತ್ತವೆಯೇ ಹೊರತು ವೈರಸ್ ಕೊಲ್ಲುವುದಿಲ್ಲ.

6. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡ ಕೆಡಿಸುತ್ತವೆ.

7. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಹೊಲಿಗೆ ಹಾಕಬೇಕೇ ಬೇಡವೇ ಎಂಬುದನ್ನು ಅವರೇ ತೀರ್ಮಾನಿಸಲಿ. ನಾಯಿ ಕಡಿತದ ಗಾಯಕ್ಕೆ ಒಡನೆ ಹೊಲಿಗೆ ಹಾಕುವುದು ಸಾಮಾನ್ಯವಾಗಿ ಸರಿಯಲ್ಲ. ಮಳೆಗಾಲದಲ್ಲಿ ನೊಣ ಕೂತು ಹುಳು ಬೀಳುವುದು ಬೇಗ, ದಿನಕ್ಕೆರಡು ಸಲ ಗಾಯ ನೋಡಿ.

ರೇಬೀಸ್ ಲಸಿಕೆ: ಕಚ್ಚಿದ ಮೇಲೆಯೂ ಉಂಟು

ವರ್ಷವರ್ಷ ಲಸಿಕೆ ಹಾಕಿಸಿದ ನಾಯಿಗೂ ಕಚ್ಚಿಸಿಕೊಂಡ ಮೇಲೆ ಮತ್ತೆ ಲಸಿಕೆ ಬೇಕು, ಆದರೆ ಕಡಿಮೆ ಡೋಸ್ ಸಾಕಾಗುತ್ತದೆ. ಲಸಿಕೆಯೇ ಆಗಿಲ್ಲದ ನಾಯಿಗೆ ಸಾಮಾನ್ಯವಾಗಿ ಕಚ್ಚಿದ ದಿನ (0), ನಂತರ 3, 7, 14 ಮತ್ತು 28ನೇ ದಿನ ಹಾಕುತ್ತಾರೆ. ಮೂರು ಡೋಸ್ ಆದ ಮೇಲೆ ನಾಯಿ ಚೆನ್ನಾಗಿದೆ ಎಂದು ನಿಲ್ಲಿಸುವುದು ದೊಡ್ಡ ತಪ್ಪು. ವೈದ್ಯರು ಹೇಳುವಷ್ಟು ಕಾಲ ಅದನ್ನು ಕೊಟ್ಟಿಗೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಕಟ್ಟಿ ಗಮನಿಸಿ. ರೇಬೀಸ್ ಲಕ್ಷಣ ಬರಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದು.

ಎರಗಿದ ನಾಯಿ ಯಾರದ್ದೆಂದು ಗೊತ್ತಿದ್ದರೆ ಅದರ ಲಸಿಕೆ ವಿವರ ಕೇಳಿ, 10 ದಿನ ಗಮನಿಸಿ. ಹತ್ತು ದಿನದ ನಂತರವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಎನ್ನಬಾರದು. ಲಸಿಕೆ ಮೊದಲ ದಿನವೇ ಶುರುವಾಗಲಿ.

ಬಿಡಿಸುವಾಗ ನಿಮಗೂ ಹಲ್ಲು ಅಥವಾ ಉಗುರು ತಾಗಿದ್ದರೆ ಅದೇ ರೀತಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆ ಉಚಿತ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಕೊಟ್ಟಿಗೆಯಲ್ಲಿ ಗಮನಿಸಬೇಕಾದದ್ದು

ಅದೇ ನಾಯಿ ಹಸು, ಕರುವಿಗೂ ಕಚ್ಚಿರಬಹುದು. ಕಾಲು, ಮೂತಿ, ಕೆಚ್ಚಲು ಹುಡುಕಿ ನೋಡಿ. ಕಚ್ಚಿದ್ದರೆ ರಾಸಿಗೂ ಇದೇ ರೀತಿ ಗಾಯ ತೊಳೆದು ಲಸಿಕೆ ಹಾಕಿಸಬೇಕು.

ರೇಬೀಸ್ ತಗುಲಿದ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಜೊಲ್ಲು ಸುರಿಸುತ್ತದೆ, ಒಡೆದ ದನಿಯಲ್ಲಿ ಪದೇ ಪದೇ ಕೂಗುತ್ತದೆ, ತಿಣುಕುತ್ತದೆ, ಹಿಂಗಾಲು ಸೋಲುತ್ತದೆ. ಕೂಗುವುದನ್ನು ನೋಡಿ ಬೆದೆ ಎಂದುಕೊಂಡು ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ಕರೆಸುವವರುಂಟು. ಜೊಲ್ಲು ನೋಡಿ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರುಂಟು. ಎರಡನೆಯದು ಬಹಳ ಅಪಾಯ. ಇತ್ತೀಚಿನ ತಿಂಗಳುಗಳಲ್ಲಿ ನಿಮ್ಮ ಮನೆ ಹತ್ತಿರ ನಾಯಿ ಕಚ್ಚಾಟ ನಡೆದಿದ್ದರೆ, ಇಂಥ ಹಸುವಿನ ಬಾಯಿಗೆ ಕೈ ಹಾಕದೆ ಪಶುವೈದ್ಯರಿಗೆ ಆ ವಿಷಯವನ್ನೇ ಮೊದಲು ಹೇಳಿ. ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲೂ ಬಳಸಬಾರದು.

ಊರಿನವರೆಲ್ಲ ಸೇರಿ ಮಾಡಬಹುದಾದದ್ದು

ಕರು ಹಾಕಿದ ಮೇಲೆ ಬೀಳುವ ಕಸ (ಸತ್ತೆ), ಕಂದು ಹಾಕಿದ ಕರು, ಸತ್ತ ಕರುಗಳನ್ನು ಬೇಲಿ ಬದಿಗೆ ಎಸೆಯುವ ಅಭ್ಯಾಸ ಹಲವು ಊರುಗಳಲ್ಲಿದೆ. ಅದನ್ನು ತಿಂದ ನಾಯಿಗಳು ಅಲ್ಲೇ ಗುಂಪು ಕಟ್ಟುತ್ತವೆ, ಆ ಜಾಗಕ್ಕಾಗಿ ಕಚ್ಚಾಡುತ್ತವೆ. ಜೊತೆಗೆ ಬ್ರುಸೆಲ್ಲೋಸಿಸ್‌ನಂಥ ಕಂದು ಹಾಕುವ ರೋಗಾಣುಗಳನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಎಳೆದು ತರುತ್ತವೆ. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಸಂಘದ ಅಂಗಳದಲ್ಲಿ ಚೆಲ್ಲಿದ ಹಾಲನ್ನು ಕೂಡಲೇ ನೀರು ಹಾಕಿ ತೊಳೆದರೆ ಹಾಲು ಹಾಕುವ ಹೊತ್ತಿಗೆ ನಾಯಿಗಳು ಮುತ್ತುವುದು ಕಡಿಮೆಯಾಗುತ್ತದೆ.

ಬೀದಿ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಹಾಕಿಸುವ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಲಿಖಿತ ಅರ್ಜಿ ಕೊಡಿ. ವಿಷ ಹಾಕುವುದು ಅಪರಾಧ. ಅದೇ ವಿಷಕ್ಕೆ ನಿಮ್ಮ ನಾಯಿಯೂ, ಹಸುವೂ ಬಲಿಯಾಗಬಹುದು. ಇರುವ ನಾಯಿಗಳನ್ನು ಕೊಂದರೆ ಪಕ್ಕದ ಬೀದಿಯಿಂದ ಲಸಿಕೆ ಇಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ.

ರೈತರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಕಚ್ಚಿದ ನಾಯಿ ನೀರು ಕುಡಿಯುತ್ತಿತ್ತು. ಹಾಗಾದರೆ ಅದಕ್ಕೆ ಹುಚ್ಚು ಇಲ್ಲವೇ?
ಉತ್ತರ: ಹಾಗೆ ಹೇಳಲಾಗದು. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ರೇಬೀಸ್ ಬಂದ ನಾಯಿ ನೀರಿನ ಹತ್ತಿರ ಹೋಗಬಹುದು. ಕೆಲವು ನಾಯಿಗಳು ಎರಗುವುದೇ ಇಲ್ಲ, ಕತ್ತಲಲ್ಲಿ ಮೂಲೆ ಸೇರಿ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತಾ ಮಲಗಿರುತ್ತವೆ.

ಪ್ರಶ್ನೆ: ಹೊಕ್ಕುಳ ಸುತ್ತ 14 ಸೂಜಿ ಹಾಕುತ್ತಾರೆ ಎಂಬ ಹೆದರಿಕೆಯಿಂದ ನಮ್ಮವರು ಆಸ್ಪತ್ರೆಗೆ ಹೋಗುವುದಿಲ್ಲ.
ಉತ್ತರ: ಅದು ಹಳೆಯ ಕಾಲದ ಲಸಿಕೆ, ಈಗ ಇಲ್ಲ. ಈಗ ತೋಳಿಗೆ ಕೆಲವೇ ಡೋಸ್ ಹಾಕುತ್ತಾರೆ.

ಪ್ರಶ್ನೆ: ನಾಯಿ ಕಚ್ಚಿದ ಹಸುವಿನ ಹಾಲನ್ನು ಗೊತ್ತಿಲ್ಲದೆ ಕಾಯಿಸಿ ಕುಡಿದಿದ್ದೇವೆ. ಏನು ಮಾಡಬೇಕು?
ಉತ್ತರ: ಗಾಬರಿ ಬೇಡ. ಕುದಿಸಿದಾಗ ವೈರಸ್ ನಾಶವಾಗುತ್ತದೆ. ಹಸುವಿಗೆ ರೇಬೀಸ್ ಲಕ್ಷಣ ಇದ್ದು ಹಸಿ ಹಾಲು ಕುಡಿದಿದ್ದರೆ, ಅಥವಾ ಅದರ ಜೊಲ್ಲು ಗಾಯಕ್ಕೆ ತಾಗಿದ್ದರೆ ವೈದ್ಯರನ್ನು ಕಾಣಿ.

ನೆನಪಿಡಿ

- ವರ್ಷಕ್ಕೊಮ್ಮೆ ನಾಯಿಗೆ ರೇಬೀಸ್ ಲಸಿಕೆ.
- ದಾರಿಯಲ್ಲಿ ಓಡಬೇಡಿ, ನಡುವೆ ಅಡ್ಡ ಹಿಡಿದು ನಿಧಾನವಾಗಿ ಸರಿಯಿರಿ.
- ಕಚ್ಚಾಟದ ನಡುವೆ ಕೈ ಹಾಕಬೇಡಿ.
- ಗಾಯ ಸಣ್ಣದಾದರೂ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ.
- ಅದೇ ದಿನ ಲಸಿಕೆ ಶುರು, ಕೊನೆಯ ಡೋಸ್‌ವರೆಗೂ ಬಿಡಬೇಡಿ.

ಹೆಚ್ಚಿನ ಮಾಹಿತಿಗೆ ಹತ್ತಿರದ ಪಶು ಆಸ್ಪತ್ರೆ ಅಥವಾ ಒಕ್ಕೂಟದ ಪಶುವೈದ್ಯರನ್ನು ಸಂಪರ್ಕಿಸಿ. ತುರ್ತು ಸಂದರ್ಭದಲ್ಲಿ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ. ನಿಮ್ಮ ಸಂಘದ ವ್ಯಾಪ್ತಿಯಲ್ಲಿ ಲಸಿಕೆ ಆಗದ ನಾಯಿಗಳು ಹೆಚ್ಚಿದ್ದರೆ ಕಾರ್ಯದರ್ಶಿಯವರಿಗೆ ತಿಳಿಸಿ. ಹತ್ತು ಮನೆಯವರು ಸೇರಿ ಕೇಳಿದರೆ ಸಂಘದ ಅಂಗಳದಲ್ಲೇ ಒಂದು ಲಸಿಕೆ ಶಿಬಿರ ನಡೆಸುವಂತೆ ಪಶು ಆಸ್ಪತ್ರೆಯನ್ನು ಕೋರುವುದು ಸುಲಭವಾಗುತ್ತದೆ.